ಸುರೇಂದ್ರನ ಸ್ಪಿರಿಟ್ ಒಲೆ

ತೂಕ ಇಳಿಸಬೇಕೆಂಬ ಆಸೆ ಹುಟ್ಟಿದ ಮನುಷ್ಯ ಸಾಮಾನ್ಯವಾಗಿ ಅನ್ನ ಕಡಿಮೆ ಮಾಡುತ್ತಾನೆ, ಇಲ್ಲವೇ ಬೆಳಿಗ್ಗೆ ಎದ್ದು ನಡೆಯುತ್ತಾನೆ. ನಮ್ಮ ಪಕ್ಕದ ಮನೆಯ ಸುರೇಂದ್ರ ಇವೆರಡನ್ನೂ ಮಾಡಲಿಲ್ಲ. ಅವನು ಪಾತ್ರೆಯ ತೂಕ ಇಳಿಸಿದ. ಹೊಟ್ಟೆ ಇದ್ದ ಹಾಗೇ ಇತ್ತು.

ಹೊಸೂರಿನ ಮೂಕಂಡಪಲ್ಲಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ತಾರಸಿ. ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಅವನು ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಹುಟ್ಟಿದಾಗಿನಿಂದ ಈ ತಾರಸಿಗಿಂತ ಎತ್ತರದ ಜಾಗವನ್ನು ಅವನು ಕಾಲಿಂದ ಹತ್ತಿದ ದಾಖಲೆ ಇಲ್ಲ. ಅಂಥವನು ಒಂದು ದಿನ ಕ್ಯಾಂಟೀನಿನಲ್ಲಿ, ಕಾರ್ಖಾನೆಯ ಹುಡುಗರು ಬೆಟ್ಟ ಹತ್ತಲು ಹೋಗುವ ಮಾತಾಡುತ್ತಿದ್ದಾಗ, ತಾನೂ ಬರುವುದಾಗಿ ಹೇಳಿಬಿಟ್ಟ. ಅಷ್ಟಕ್ಕೇ ಬಿಡದೆ, ತನ್ನ ಅಡುಗೆ ತಾನೇ ಮಾಡಿಕೊಳ್ಳುವುದಾಗಿಯೂ, ತನ್ನ ಇಡೀ ಅಡುಗೆಮನೆ ಒಂದು ಅಂಗೈಯಲ್ಲಿ ಹಿಡಿಸುವುದಾಗಿಯೂ ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ. ಸುರೇಂದ್ರನ ಬಾಳಿನ ಮುಖ್ಯ ಘಟನೆಗಳೆಲ್ಲ ಹೀಗೆ ಯಾರೂ ಕೇಳದೆ ಕೊಟ್ಟ ಉತ್ತರಗಳಿಂದಲೇ ಶುರುವಾಗಿವೆ.

ಆಡಿದ ಮಾತಿಗೆ ತಕ್ಕಂತೆ ಆನ್‌ಲೈನಿನಲ್ಲಿ ಪೆಟ್ಟಿಗೆ ಬಂತು. ಅದರೊಳಗೆ ಒಂದರೊಳಗೊಂದು ಕೂರುವ ಎರಡು ತೆಳು ಪಾತ್ರೆ, ಪಾತ್ರೆಯೊಳಗೆ ಒಂದು ಲೋಟ, ಲೋಟದೊಳಗೆ ಒಲೆ. ಒಲೆ ಅಂದರೆ ಕುಂಕುಮದ ಭರಣಿಗಿಂತ ಕೊಂಚ ದೊಡ್ಡದು, ಅಂಚಿನ ಸುತ್ತ ಸಣ್ಣ ಸಣ್ಣ ತೂತು. ಬತ್ತಿ ಇಲ್ಲ, ಪಂಪ್ ಇಲ್ಲ, ಸಿಲಿಂಡರ್ ಇಲ್ಲ. ಒಳಗೆ ಒಂದಿಷ್ಟು ಸ್ಪಿರಿಟ್ ಹುಯ್ದು ಕಡ್ಡಿ ಗೀರಿದರೆ ಆಯಿತು. ಗಾಳಿಗೆ ಅಡ್ಡ ಇಡಲು ಸುರುಳಿ ಸುತ್ತಿದ ತಗಡಿನ ಹಾಳೆಯೂ ಇತ್ತು. ಅವನ ಹೆಂಡತಿ ಚಂದ್ರಲೇಖಾ ಪಾತ್ರೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದರಲ್ಲಿ ಅಡುಗೆ ಮಾಡುವುದು ಗುಬ್ಬಚ್ಚಿಗೋ ಇರುವೆಗೋ ಎಂದು ವಿಚಾರಿಸಿದಳು.

ಅಲ್ಲಿಂದ ಸುರೇಂದ್ರನಿಗೆ ತೂಕದ ಹುಚ್ಚು ಹಿಡಿಯಿತು. ನಮ್ಮ ಮನೆಯ ಅಡುಗೆ ತಕ್ಕಡಿ ತೆಗೆದುಕೊಂಡು ಹೋದವನು ವಾಪಸ್ ಕೊಡಲೇ ಇಲ್ಲ. ಚಮಚದ ಹಿಡಿ ಕತ್ತರಿಸಿದ. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕತ್ತರಿಸಿದ. ಮಾರನೆಯ ದಿನದಿಂದ ಬೆರಳನ್ನು ದವಡೆಯವರೆಗೆ ತೂರಿಸಿ ಹಲ್ಲುಜ್ಜತೊಡಗಿದ. ಪೆಟ್ಟಿಗೆಯಲ್ಲಿದ್ದ ಸೂಚನೆಯ ಕಾಗದವನ್ನೂ, ಅದಕ್ಕೂ ತೂಕವಿದೆಯೆಂದು, ಓದದೆ ಎಸೆದ. ಇಷ್ಟೆಲ್ಲ ಮಾಡಿ ಉಳಿಸಿದ ತೂಕ ಅವನು ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ತಿನ್ನುತ್ತಿದ್ದ ಬೋಂಡಕ್ಕೂ ಸಮವಾಗಿರಲಿಲ್ಲ. ಆ ಮಾತನ್ನು ನಾನು ಹೇಳಿದಾಗ ಅವನು ನನ್ನನ್ನು ಅನುಭವವಿಲ್ಲದವನೆಂದು ಕರುಣೆಯಿಂದ ನೋಡಿದ.

ಬಾಗಿಲಿಗೆ ಪಾಲಿಶ್ ಹಾಕುವ ವೆಂಕಿ ಎಂಬ ಬಡಗಿಯಿಂದ ಸ್ಪಿರಿಟ್ ಸಿಕ್ಕಿತು. ಆದರೆ ಅವನು ಕೊಟ್ಟದ್ದು ಭಾರದ ಗಾಜಿನ ಸೀಸೆಯಲ್ಲಿ. ಹಗುರ ಬಾಟಲಿಗಾಗಿ ಸುರೇಂದ್ರ ಊರೆಲ್ಲ ಹುಡುಕಿದ. ನೀರಿನ ಬಾಟಲಿ ಜೇಬಿಗೆ ಕೂರಲಿಲ್ಲ, ಎಣ್ಣೆಯದರ ಮುಚ್ಚಳ ಸೋರಿತು. ಕೊನೆಗೆ ಗುಜರಿ ಅಂಗಡಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು, ಗಡಿಯಾಚೆ ಅತ್ತಿಬೆಲೆಯಿಂದ ಬಂದು ಖಾಲಿಯಾಗಿದ್ದ, ಪ್ಲಾಸ್ಟಿಕ್ಕಿನ ಚಪ್ಪಟೆ ಕ್ವಾರ್ಟರ್ ಬಾಟಲಿ. ಮೇಲೆ ವಿಸ್ಕಿಯ ಚೀಟಿ ಇತ್ತು. ಎಷ್ಟು ತೊಳೆದರೂ ಅದು ಬಿಡಲಿಲ್ಲ.

“ಇದಕ್ಕಿಂತ ಹಗುರದ್ದು ಲೋಕದಲ್ಲಿ ಇಲ್ಲ ಅಣ್ಣ” ಎಂದು ನನಗೆ ತೋರಿಸಿದ. “ಜೇಬಿಗೆ ಕೂತ್ಕೊಳ್ತದೆ, ತೊಟ್ಟೂ ಸೋರಲ್ಲ. ಕುಡಿಯೋರು ಎಷ್ಟು ಯೋಚನೆ ಮಾಡಿ ಮಾಡಿಸವ್ರೆ ನೋಡಿ.”

ಬೆಟ್ಟಕ್ಕೆ ಹೋಗುವ ಮುಂಚೆ ಅಭ್ಯಾಸವಾಗಬೇಕಲ್ಲ. ಚಂದ್ರಲೇಖಾ ತವರಿಗೆ ಹೋಗಿದ್ದ ವಾರ ಅವನು ಸಂಜೆ ಸಂಜೆ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಕೂತು ಒಲೆ ಹಚ್ಚತೊಡಗಿದ. ಒಂದು ಸಂಜೆ ನನ್ನ ಹೆಂಡತಿ ರಾಧಾಮಣಿ ಒಣಗಿದ ಬಟ್ಟೆ ತರಲು ಮೇಲೆ ಹೋದಳು.

ರಾಧಾಮಣಿ ಚಾಡಿ ಹೇಳುವವಳಲ್ಲ. ಕಂಡದ್ದನ್ನು ಹೇಳುವವಳು. ಕಷ್ಟವೇನೆಂದರೆ ಅವಳಿಗೆ ತುಂಬಾ ಕಾಣುತ್ತದೆ. ಅವತ್ತು ಅವಳಿಗೆ ಕಂಡದ್ದಿಷ್ಟು: ಸುರೇಂದ್ರ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಜೇಬಿನಿಂದ ಕ್ವಾರ್ಟರ್ ತೆಗೆದ. ಒಂದು ಕಣ್ಣು ಮುಚ್ಚಿ ಹನಿ ಲೆಕ್ಕದಲ್ಲಿ ಒಂದು ಪುಟ್ಟ ಬಟ್ಟಲಿಗೆ ಹುಯ್ದ. ಸುತ್ತ ಮುತ್ತ ನೋಡಿ ಅದರ ಸುತ್ತ ತಗಡು ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ಲೋಟ ಎತ್ತಿ ಕುಡಿದು, ಕಣ್ಣು ಮುಚ್ಚಿ, ಉಸ್ಸೆಂದ. ಪಕ್ಕದಲ್ಲಿ ಹುರಿದ ಕಡಲೆಕಾಯಿಬೀಜದ ಪೊಟ್ಟಣವಿತ್ತು. ತಗಡಿನ ಮರೆಯಲ್ಲಿ ಹಚ್ಚಿದ ಉರಿ ಅವಳಿಗೆ ಕಾಣಲಿಲ್ಲ. ಲೋಟದಲ್ಲಿದ್ದದ್ದು ಚಹಾ. ಆದರೆ ಕ್ವಾರ್ಟರ್ ಬಾಟಲಿಯ ಪಕ್ಕ, ಕಡಲೆಕಾಯಿಬೀಜದ ಮುಂದೆ, ಟ್ಯಾಂಕಿನ ಮರೆಯಲ್ಲಿ ಕುಡಿದ ಚಹಾವನ್ನು ಲೋಕದಲ್ಲಿ ಯಾರೂ ಚಹಾ ಎನ್ನುವುದಿಲ್ಲ.

ಇನ್ನೊಂದು ಸಮಯದಲ್ಲಾಗಿದ್ದರೆ ಇದು ನಮ್ಮ ಬೀದಿಯಲ್ಲೇ ಮುಗಿಯುತ್ತಿತ್ತು. ಆದರೆ ಚಂದ್ರಲೇಖಾ ತವರಿಗೆ ಹೋಗಿದ್ದು ಸುಮ್ಮನೆ ಅಲ್ಲ. ಅವಳ ತಂಗಿ ಕೋಮಲಾಳ ಮದುವೆಯ ಮಾತು ನಡೆದಿತ್ತು. ಹುಡುಗ ಸೂಳಗಿರಿಯ ಕಿರಣ್‌ಕುಮಾರ್. ಕೋಮಲಾ ವಾರವೆಲ್ಲ ಸೂಳಗಿರಿಯ ಹಾಸ್ಟೆಲಿನಲ್ಲಿರುತ್ತಿದ್ದಳು, ಇಬ್ಬರೂ ಹೊಸೂರಿನ ಒಂದೇ ಕಾರ್ಖಾನೆಗೆ ಒಂದೇ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸಿನಲ್ಲಿ ಶುರುವಾದದ್ದನ್ನು ಹಿರಿಯರೇ ಶುರುಮಾಡಿದಂತೆ ಕಾಣಿಸಲು ಇಬ್ಬರೂ ಬಹಳ ಕಷ್ಟಪಟ್ಟಿದ್ದರು. ಅಂಥ ಹೊತ್ತಿನಲ್ಲಿ ರಾಧಾಮಣಿ, ಒಳ್ಳೆಯ ಮನಸ್ಸಿನಿಂದಲೇ, ಚಂದ್ರಲೇಖಾಗೆ ಫೋನ್ ಮಾಡಿದಳು. ಗಾಬರಿಯಾಗಬೇಡ ಎಂದು ಶುರುಮಾಡಿದ್ದರಿಂದ ಚಂದ್ರಲೇಖಾ ಅಲ್ಲಿಂದಲೇ ಗಾಬರಿಯಾದಳು.

ಸುದ್ದಿ ಚಂದ್ರಲೇಖಾಳಿಂದ ಅವಳ ತಾಯಿ ನಾರಾಯಣಮ್ಮನಿಗೆ, ಅವರಿಂದ ತಂದೆ ರಾಮಕೃಷ್ಣಪ್ಪನವರಿಗೆ ಹೋಯಿತು. ಅವರ ಮನೆ ಇರುವುದು ಅಂಚೆಟ್ಟಿಯ ಕಾಡಂಚಿನ ಹಳ್ಳಿಯಲ್ಲಿ. ಬಸ್ಸು ಅಲ್ಲಿಗೆ ಮನಸ್ಸು ಬಂದಾಗ ಬರುತ್ತದೆ, ಮಾತು ಮಾತ್ರ ತಡಮಾಡುವುದಿಲ್ಲ. ಬಟ್ಟಲು ಬಾಟಲಿಯಾಯಿತು, ಒಂದು ಸಂಜೆ ದಿನಾ ಸಂಜೆಯಾಯಿತು. ಒಂದರೊಳಗೊಂದು ಕೂರುವ ಪಾತ್ರೆಗಳೂ ತಗಡಿನ ಸುರುಳಿಯೂ ಇವೆಯೆಂದು ಚಂದ್ರಲೇಖಾ ಬಾಯಿತಪ್ಪಿ ಹೇಳಿದಾಗ, ಆ ಸೀಮೆಯ ಹಿರಿಯರಿಗೆ ಇನ್ನೇನೂ ಕೇಳುವ ಅಗತ್ಯ ಬೀಳಲಿಲ್ಲ. ಹಿಂದೆ ಕಾಡಿನ ಹಳ್ಳಗಳಲ್ಲಿ ಅಂಥ ಪಾತ್ರೆ ಇಟ್ಟು ಏನು ಕಾಯಿಸುತ್ತಿದ್ದರೆಂದು ಅವರೆಲ್ಲ ಬಲ್ಲರು. ದೊಡ್ಡಳಿಯ ಕುಡಿಯುವುದಷ್ಟೇ ಅಲ್ಲ, ತಾರಸಿಯ ಮೇಲೆ ತಾನೇ ಸಾರಾಯಿ ಕಾಯಿಸುತ್ತಾನೆ ಎಂದು ತೀರ್ಮಾನವಾಯಿತು.

ಚಂದ್ರಲೇಖಾ ಸಿಕ್ಕಿದ ಬಸ್ಸು ಹಿಡಿದು ಬಂದು ನೇರವಾಗಿ ಅವನ ಬ್ಯಾಗಿಗೆ ಕೈ ಹಾಕಿದಳು. ಟವೆಲಿನಲ್ಲಿ ಮಗುವಿನಂತೆ ಸುತ್ತಿಟ್ಟಿದ್ದ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದಳು. ನಾನೂ ರಾಧಾಮಣಿಯೂ, ತಕ್ಕಡಿ ಕೇಳುವ ನೆಪದಲ್ಲಿ, ಬಾಗಿಲಲ್ಲೇ ಇದ್ದೆವು.

ಸುರೇಂದ್ರ ಶಾಂತವಾಗಿ, ಅದು ಒಲೆಗೆ ಎಂದ.

“ಸುಸ್ತಿಗೆ ಅಂತ ಕುಡಿಯೋರನ್ನ ಕಂಡಿವ್ನಿ, ಮೈನೋವಿಗೆ ಅಂತ ಕುಡಿಯೋರನ್ನ ಕಂಡಿವ್ನಿ” ಎಂದಳು ಚಂದ್ರಲೇಖಾ. “ಒಲೆಗೆ ಅಂದೋರು ನೀವೊಬ್ರೇ.”

ಅವನು ಕೂಡಲೇ ಒಲೆ ಹಚ್ಚಿ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸುರೇಂದ್ರನಿಗೆ ಅವಮಾನವಾಯಿತು. ಅವಮಾನವಾದಾಗ ಅವನು ಉಪನ್ಯಾಸ ಕೊಡುತ್ತಾನೆ. ಸ್ಪಿರಿಟ್ಟಿನ ಶುದ್ಧತೆ, ಅದರ ಶಕ್ತಿ, ಒಂದು ತೊಟ್ಟೂ ಚೆಲ್ಲದೆ ಹುಯ್ಯುವ ಕಲೆ, ಇವನ್ನೆಲ್ಲ ವಿವರಿಸಿದ. ಸ್ಪಿರಿಟ್ಟಿನ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡಿದ ಮನುಷ್ಯನನ್ನು ನಾನಂತೂ ಕಂಡಿರಲಿಲ್ಲ. ಚಂದ್ರಲೇಖಾ ಬಾಟಲಿಯನ್ನು ಬಚ್ಚಲಿಗೆ ಸುರಿದು, ಅಪ್ಪನಿಗೆ ಫೋನ್ ಮಾಡಿ, ನೀವು ಹೇಳಿದ್ದೇ ಆಗಲಿ ಎಂದಳು.

ರಾಮಕೃಷ್ಣಪ್ಪನವರು ಹೇಳಿದ್ದು ಮುನೇಶ್ವರನ ಗುಡಿ. ಅವರ ಹಳ್ಳಿಯಿಂದ ಕಾಡಿನ ದಾರಿಯಲ್ಲಿ ನಡೆದರೆ ಆ ಗುಡಿ ಸಿಗುತ್ತದೆ. ಕುಡಿತಕ್ಕೆ ಬಿದ್ದವರನ್ನು ಮನೆಯವರು ಅಲ್ಲಿಗೆ ಎಳೆದು ತರುತ್ತಾರೆ. ಪೂಜಾರಿ ನಂಜಪ್ಪ ತಲೆಗೆ ನೀರು ಹುಯ್ದು, ಆಣೆ ಮಾಡಿಸಿ, ಮುಂಗೈಗೆ ಕಪ್ಪು ದಾರ ಕಟ್ಟುತ್ತಾನೆ. ದಾರ ಕಟ್ಟಿಸಿಕೊಂಡು ಕುಡಿದವನನ್ನು ಮುನೇಶ್ವರ ನೋಡಿಕೊಳ್ಳುತ್ತಾನೆ. ಕುಡಿಯದವನು ಕಟ್ಟಿಸಿಕೊಂಡರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಅಂಥವನು ಅದುವರೆಗೆ ಬಂದಿರಲಿಲ್ಲ. ನನ್ನ ಹೆಂಡತಿ ಕಂಡ ಸಂಗತಿಯಾದ್ದರಿಂದ ಸಾಕ್ಷಿಯಾಗಿ ನಾನೂ ಹೋಗಬೇಕಾಯಿತು.

ಗುಡಿಯ ಮುಂದೆ ಸಾಲಿತ್ತು. ಸಾಲಿನಲ್ಲಿದ್ದವರೆಲ್ಲ ಸುರೇಂದ್ರನನ್ನು ತಮ್ಮವನೆಂದೇ ಬರಮಾಡಿಕೊಂಡರು. ಮುಂದಿದ್ದ ಒಬ್ಬ ತಮಿಳಿನಲ್ಲಿ ಎಷ್ಟು ವರ್ಷದಿಂದ ಎಂದು ವಿಚಾರಿಸಿದ. ಹಿಂದಿದ್ದವನು ತೆಲುಗಿನಲ್ಲಿ ಸಮಾಧಾನ ಹೇಳಿದ. ತಾನು ಕುಡಿಯುವುದೇ ಇಲ್ಲ ಎಂದು ಸುರೇಂದ್ರ ಅಂದಾಗ ಇಬ್ಬರೂ ತಲೆಯಾಡಿಸಿ, ನಾವೂ ಮನೆಯವರಿಗೆ ಅದನ್ನೇ ಹೇಳುತ್ತಿದ್ದೆವು ಎಂದರು.

ಅವನ ಸರದಿ ಬಂತು. ನಂಜಪ್ಪ ನೀರು ಸುರಿದು, ತನ್ನ ಮಾತನ್ನು ಹಿಂದೆ ಹಿಂದೆ ಹೇಳೆಂದ. ಸೇಂದಿ ಮುಟ್ಟುವುದಿಲ್ಲ ಎಂದ, ಸುರೇಂದ್ರ ಹೇಳಿದ. ಸಾರಾಯಿ ಮುಟ್ಟುವುದಿಲ್ಲ, ಬ್ರಾಂದಿ ಮುಟ್ಟುವುದಿಲ್ಲ, ವಿಸ್ಕಿ ಮುಟ್ಟುವುದಿಲ್ಲ, ಎಲ್ಲವನ್ನೂ ಹೇಳಿದ. ಒದ್ದೆ ತಲೆಯಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದ ಅಳಿಯನನ್ನು ನೋಡಿ ನಾರಾಯಣಮ್ಮನ ಕಣ್ಣು ತುಂಬಿತು. ಆಗ ನಂಜಪ್ಪ, ಸ್ಪಿರಿಟ್ ಮುಟ್ಟುವುದಿಲ್ಲ ಎಂದ.

ಸುರೇಂದ್ರ ಕಣ್ಣು ಬಿಟ್ಟ. ಬೆಟ್ಟ, ಒಲೆ, ಕ್ಯಾಂಟೀನಿನಲ್ಲಿ ಆಡಿದ ಮಾತು, ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು.

“ಸ್ವಾಮಿ, ಅದೊಂದು ಬಿಟ್ಬುಡಿ” ಎಂದು ಕೈ ಮುಗಿದ. “ಬೇರೆ ಏನು ಬೇಕಾದ್ರೂ ಆಣೆ ಮಾಡ್ತೀನಿ. ಸ್ಪಿರಿಟ್ ಇಲ್ದೆ ನನಗೆ ಆಗಲ್ಲ.”

ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿ ದಿನಕ್ಕೆರಡು ಬಾಟಲಿ ಮುಗಿಸುವವರಿದ್ದರು, ಹೊಲ ಕಳೆದವರಿದ್ದರು. ಆದರೆ ಬ್ರಾಂದಿ ವಿಸ್ಕಿಯನ್ನು ಎಡಗೈಯಲ್ಲಿ ತಳ್ಳಿ ಬಡಗಿಯ ಸ್ಪಿರಿಟ್ಟಿಗಾಗಿ ದೇವರ ಹತ್ತಿರ ಅಂಗಲಾಚುವವನನ್ನು ಅವರು ನೋಡಿರಲಿಲ್ಲ. ತಮ್ಮ ಸ್ಥಿತಿ ಅಷ್ಟೇನೂ ಕೆಟ್ಟಿಲ್ಲವೆಂದು ಸಮಾಧಾನವಾಗಿ ಇಬ್ಬರು ಆಣೆ ಮಾಡದೆಯೇ ಮನೆಗೆ ಹೋದರು. ಕಪ್ಪು ದಾರದ ಗಂಟು ಹಾಕುತ್ತಾ ನಂಜಪ್ಪ, ಇದು ಒಂದು ದಾರಕ್ಕೆ ಬಗ್ಗುವ ಕೇಸಲ್ಲ ಎಂದು ರಾಮಕೃಷ್ಣಪ್ಪನವರ ಕಿವಿಯಲ್ಲಿ ಹೇಳಿ, ಇನ್ನೊಂದು ಕಟ್ಟಿದ.

ಇಷ್ಟಾದ ಮೇಲೆ ಸುದ್ದಿ ಸೂಳಗಿರಿ ಮುಟ್ಟದೆ ಇರುತ್ತದೆಯೇ. ಕಿರಣ್‌ಕುಮಾರನ ತಂದೆ ಗೋಪಾಲಪ್ಪನವರು ಟೊಮೆಟೊ, ಕೊತ್ತಂಬರಿ ಬೆಳೆಯುವ ಗಟ್ಟಿ ಆಸಾಮಿ. ಅವರ ಸ್ವಂತ ತಮ್ಮ ಕುಡಿದೇ ಸತ್ತವನು. ಕುಡುಕರಿರುವ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ಅವರು ಅವತ್ತೇ ನಿರ್ಧರಿಸಿದ್ದರು. ಈ ಸಂಬಂಧ ಬೇಡ ಎಂದು ಅವರು ಹೇಳಿ ಕಳಿಸುವುದರಲ್ಲಿದ್ದರು. ಹೆಂಡತಿ ಆದಿಲಕ್ಷ್ಮಿ, ಕಣ್ಣಲ್ಲಿ ನೋಡದೆ ಹೆಣ್ಣಿನ ಮನೆಯ ಹೆಸರು ಕೆಡಿಸಬಾರದು ಎಂದು ಹಟ ಹಿಡಿದದ್ದರಿಂದ, ಭಾನುವಾರ ಹಗಲು ಹೊತ್ತಿನಲ್ಲೇ ಬಂದು ದೊಡ್ಡಳಿಯನನ್ನು ನೋಡುವುದೆಂದಾಯಿತು. ಹೆಣ್ಣನ್ನು ಆಗಲೇ ನೋಡಿದ್ದರು. ಈ ಸಲ ನೋಡಲು ಬರುತ್ತಿದ್ದದ್ದು ಸುರೇಂದ್ರನನ್ನು.

ಇಡೀ ಮನೆತನದಲ್ಲಿ ಅವನನ್ನು ನಂಬಿದವಳು ಕೋಮಲಾ ಒಬ್ಬಳೇ. ಭಾವನಿಗೆ ಇಷ್ಟು ದೊಡ್ಡ ಸುಳ್ಳು ಹೇಳುವ ಬುದ್ಧಿ ಇಲ್ಲ ಎಂಬುದು ಅವಳ ನಂಬಿಕೆಯ ಆಧಾರ. ಶನಿವಾರ ಕಂಪನಿ ಬಸ್ಸಿಂದ ಇಳಿದು ನೇರ ನಮ್ಮ ಬೀದಿಗೆ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಭಾವ, ಬಾಯಲ್ಲಿ ಏನೂ ಹೇಳ್ಬೇಡಿ” ಎಂದಳು. “ನೀವು ಹೇಳಿದ್ರೆ ಕೆಡ್ತದೆ. ಒಲೆ ತಗೊಂಬನ್ನಿ, ಎಲ್ಲರ ಮುಂದೆ ಹಚ್ಚಿ, ಅವರಿಗೆ ಒಂದು ಲೋಟ ಕಾಫಿ ಮಾಡ್ಕೊಡಿ. ಉರಿ ಕಂಡ್ರೆ ಸಾಕು. ಕಿರಣ್ ಅಪ್ಪನ ಮಾತು ಮೀರಲ್ಲ ಭಾವ. ನಾಳೆ ಹೋದ್ರೆ ಹೋಯ್ತು.”

ಸುರೇಂದ್ರ, ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಅವಳ ಕೈ ಹಿಡಿದು ಭಾಷೆ ಕೊಟ್ಟ. ವೆಂಕಿಯ ಮನೆಗೆ ಹೋಗಿ ಮತ್ತೆ ಸ್ಪಿರಿಟ್ ತಂದ. ಬಾಟಲಿಯನ್ನಾದರೂ ಬದಲಾಯಿಸು ಎಂದು ನಾನು ಹೇಳಿದೆ. ಗುಜರಿ ಅಂಗಡಿಗೆ ಹೋಗಿ ಇನ್ನೊಂದು ತಂದ. ಅದೂ ಕ್ವಾರ್ಟರ್, ಚೀಟಿ ಮಾತ್ರ ಬ್ರಾಂದಿಯದು.

ಭಾನುವಾರ ನಾವೆಲ್ಲ ಅಂಚೆಟ್ಟಿಯ ಆ ಮನೆಯ ಅಂಗಳದಲ್ಲಿದ್ದೆವು. ಗೋಪಾಲಪ್ಪನವರ ಕಾರು ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಅವರು ಇಳಿಯುವ ಮುಂಚೆ ಅವರ ಮೀಸೆ ಇಳಿಯಿತು ಎನ್ನಬೇಕು, ಅಂಥ ಮೀಸೆ. ಎರಡೂ ತುದಿ ಎಣ್ಣೆ ಹಚ್ಚಿ ತಿರುವಿ ಕಿವಿಯ ಕಡೆ ಹೊರಟಿದ್ದವು. ಹಿಂದೆ ಆದಿಲಕ್ಷ್ಮಿ, ಅವರ ಹಿಂದೆ ನೆಲ ನೋಡುತ್ತಾ ಕಿರಣ್‌ಕುಮಾರ್. ಬಂದವರು ನೆರಳಿನ ಜಗಲಿಯಲ್ಲಿ ಕೂತರು. ಕೋಮಲಾ ಬಾಗಿಲ ಸಂದಿಯಲ್ಲಿ ನಿಂತಳು.

ಸುರೇಂದ್ರ ಒಲೆಯನ್ನು ಎಲ್ಲರಿಗೂ ಚೆನ್ನಾಗಿ ಕಾಣಲೆಂದು ಅಂಗಳದ ನಟ್ಟನಡುವೆ, ಬಿಸಿಲಲ್ಲಿ ಇಟ್ಟ. ತಗಡನ್ನೂ ಮುಚ್ಚಲಿಲ್ಲ, ಮುಚ್ಚುಮರೆ ಇದೆಯೆಂದು ಯಾರೂ ಅನ್ನಬಾರದು. ಜೇಬಿನಿಂದ ಕ್ವಾರ್ಟರ್ ತೆಗೆದಾಗ ಜಗಲಿಯಲ್ಲಿ ಒಂದು ನಿಟ್ಟುಸಿರು ಕೇಳಿತು. ಹುಯ್ದ. ಕಡ್ಡಿ ಗೀರಿ ತಾಗಿಸಿ, ಹಿಂದಕ್ಕೆ ಸರಿದು, ಕೈ ಚಾಚಿ ಎಲ್ಲರಿಗೂ ತೋರಿಸಿದ.

ಎಲ್ಲರೂ ನೋಡಿದರು. ಅಂಗಳದಲ್ಲಿ ಒಂದು ಪುಟ್ಟ ಬಟ್ಟಲಿತ್ತು. ಬಟ್ಟಲಲ್ಲಿ ನೀರಿನಂಥದ್ದು ಇತ್ತು. ಅದರ ಮೇಲೆ ಬಿಸಿಲಿತ್ತು. ಬೇರೆ ಏನೂ ಇರಲಿಲ್ಲ.

ಸುರೇಂದ್ರ ಬಗ್ಗಿ ನೋಡಿದ. ಅವನಿಗೂ ಏನೂ ಕಾಣಲಿಲ್ಲ. ಅದುವರೆಗೆ ಅವನು ಟ್ಯಾಂಕಿನ ನೆರಳಲ್ಲಿ, ಸಂಜೆಗತ್ತಲಲ್ಲಿ ಮಾತ್ರ ಹಚ್ಚಿದವನು. ಅಲ್ಲಿ ನೀಲಿ ಉರಿ ಚೆನ್ನಾಗಿ ಕಾಣುತ್ತಿತ್ತು. ಹಗಲ ಬಿಸಿಲಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಬೀಳುವುದಿಲ್ಲ, ಜೋಪಾನ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಕಾಗದವನ್ನು ಅವನು ತೂಕ ಉಳಿಸಲು ಎಸೆದಿದ್ದ. ಅನುಮಾನದಿಂದ ಬೆರಳು ಹತ್ತಿರ ತಂದ, ಚುರುಕ್ಕೆಂದಿತು, ಮೈಯೆಲ್ಲ ಅದುರಿ ಕೈ ಹಿಂದಕ್ಕೆ ಎಳೆದುಕೊಂಡ. ಜಗಲಿಯಲ್ಲಿದ್ದವರಿಗೆ ಕಂಡದ್ದು ಕೈ ನಡುಕ. ಕುಡುಕರಿಗೆ ಬರುವಂಥದ್ದು. ಅಲ್ಲಿಗೆ ಅವನು ಕೋಮಲಾಳಿಗೆ ಕೊಟ್ಟ ಭಾಷೆ ಮರೆತು ಬಾಯಿ ಬಿಟ್ಟ.

“ಉರೀತಾ ಐತೆ” ಎಂದ.

ಗೋಪಾಲಪ್ಪನವರು ಬಟ್ಟಲನ್ನೂ ಅವನನ್ನೂ ನೋಡಿದರು. “ನಿನಗೆ ಕಾಣ್ತಾ ಐತೇನಪ್ಪಾ?” ಎಂದು ಕೇಳಿದರು.

“ಕಾಣಲ್ಲ ಯಜಮಾನ್ರೇ. ಆದ್ರೆ ಐತೆ. ನಿಧಾನಕ್ಕೆ ನೋಡಿದ್ರೆ ಗೊತ್ತಾಗ್ತದೆ.”

ಗೋಪಾಲಪ್ಪನವರು ರಾಮಕೃಷ್ಣಪ್ಪನವರ ಕಡೆ ತಿರುಗಿದರು. “ನಡುಹಗಲಿಗೇ ಇಂಗಾದ್ರೆ, ಸಾಯಂಕಾಲಕ್ಕೆ ಎಂಗಪ್ಪಾ?”

ರಾಮಕೃಷ್ಣಪ್ಪನವರು, ಎರಡು ದಾರವೂ ಕೆಲಸ ಮಾಡಲಿಲ್ಲವಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ನಾರಾಯಣಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಚಂದ್ರಲೇಖಾ ಗಂಡನನ್ನು ನೋಡಿದ ನೋಟಕ್ಕೆ ಸ್ಪಿರಿಟ್ ಇಲ್ಲದೆಯೂ ಒಲೆ ಹತ್ತುತ್ತಿತ್ತು. ಬಾಗಿಲ ಸಂದಿಯಲ್ಲಿ ಕೋಮಲಾ ಅಳುತ್ತಿರಲಿಲ್ಲ. ಅಳುವುದನ್ನೂ ಬಿಟ್ಟು ಸುಮ್ಮನೆ ಕಿರಣ್‌ಕುಮಾರನನ್ನು ನೋಡುತ್ತಿದ್ದಳು, ಅವನು ನೆಲ ನೋಡುತ್ತಿದ್ದ. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ರಾಧಾಮಣಿಯ ಕಡೆ ತಿರುಗಿದೆ, ಅವಳು ಆಕಾಶ ನೋಡುತ್ತಿದ್ದಳು.

ಗೋಪಾಲಪ್ಪನವರು ಎದ್ದು ಚಪ್ಪಲಿ ಮೆಟ್ಟಿದರು. ಹೋಗಿಬಿಡಬಹುದಿತ್ತು. ಆದರೆ ತಮ್ಮನನ್ನು ಕಳೆದುಕೊಂಡ ಮನುಷ್ಯ, ಆ ಎಲ್ಲ ಸರಕಿನ ವಾಸನೆಯೂ ಅವರಿಗೆ ಗೊತ್ತು. ಹೋಗುವ ಮುಂಚೆ ಇವನು ಕುಡಿಯುವುದು ಯಾವುದೆಂದು ತಿಳಿದುಕೊಂಡೇ ಹೋಗುತ್ತೇನೆ ಎಂದು ಅಂಗಳಕ್ಕಿಳಿದರು. ಸುರೇಂದ್ರ ಅಡ್ಡ ಬಂದು ಬೇಡ ಬೇಡ ಎಂದ. ಕುಡುಕ ತನ್ನ ಬಟ್ಟಲನ್ನು ಮುಟ್ಟಗೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದದ್ದೇ. ಒಂದು ಕೈಯಲ್ಲಿ ಅವನನ್ನು ಪಕ್ಕಕ್ಕೆ ಸರಿಸಿ, ಸೊಂಟಕ್ಕೆ ಕೈ ಕೊಟ್ಟು, ಮುಖ ಓರೆ ಮಾಡಿ ಬಗ್ಗಿ ಮೂಸಿದರು.

ಸರ್ರೆಂದು ಒಂದು ಸದ್ದು. ನಂತರ ಅಂಗಳದ ತುಂಬ ಕೂದಲು ಸುಟ್ಟ ವಾಸನೆ. ಗೋಪಾಲಪ್ಪನವರು ಟವೆಲಿನಿಂದ ಮುಖ ಬಡಿದುಕೊಳ್ಳುತ್ತಾ ನೆಟ್ಟಗೆ ನಿಂತರು. ಚರ್ಮಕ್ಕೆ ಏನೂ ಆಗಿರಲಿಲ್ಲ. ಮೀಸೆಯ ಎಡಭಾಗ ಮೊದಲಿನಂತೆಯೇ ಕಿವಿಯ ಕಡೆ ಹೊರಟಿತ್ತು. ಬಲಭಾಗ ಇರಲಿಲ್ಲ.

ಗೋಪಾಲಪ್ಪನವರು ಕೈಯೆತ್ತಿ ಬಲಗಡೆ ಮುಟ್ಟಿ ನೋಡಿಕೊಂಡರು. ಎಡಗಡೆ ಮುಟ್ಟಿ ನೋಡಿಕೊಂಡರು. ಮತ್ತೊಮ್ಮೆ ಬಲಗಡೆ. ಅವರು ದೊಡ್ಡ ಮನುಷ್ಯರೆಂದು ನಾನು ಹೇಳುವುದು ಅವರು ಆಗ ಆಡಿದ ಮಾತಿಗಾಗಿ.

“ಬೆಂಕಿ ಐತೆ” ಎಂದರು.

ಮೊದಲು ನಕ್ಕವರು ಆದಿಲಕ್ಷ್ಮಿ. ತಡೆದುಕೊಳ್ಳಲು ಕಂಬ ಹಿಡಿದರು, ಕಂಬ ಬಿಟ್ಟು ಜಗಲಿಯ ಮೇಲೇ ಕೂತುಬಿಟ್ಟರು. ಕಿರಣ್‌ಕುಮಾರ್ ಕಾರಿನ ಹಿಂದೆ ಹೋಗಿ ಅಲ್ಲಿಂದ ಬಹಳ ಹೊತ್ತು ಬರಲಿಲ್ಲ. ಸುರೇಂದ್ರ ಏನು ಮಾಡಬೇಕೆಂದು ತೋಚದೆ ಪಾತ್ರೆಯನ್ನು ಒಲೆಯ ಮೇಲಿಟ್ಟ. ನೀರು ಕೊತಕೊತ ಕುದಿಯಿತು. ಆ ನೀರಿನಲ್ಲಿ ಮಾಡಿದ ಒಂದು ಲೋಟ ಕಾಫಿಯನ್ನು ಗೋಪಾಲಪ್ಪನವರು ಟವೆಲಿನ ಮರೆಯಲ್ಲಿ ಕುಡಿದು, ಕಾರು ಹತ್ತಿದರು.

ಮಾರನೆಯ ದಿನ ಸೂಳಗಿರಿಯಿಂದ ಸುದ್ದಿ ಬಂತು. ದೊಡ್ಡಳಿಯ ಕುಡುಕನಲ್ಲ, ದಡ್ಡ ಅಷ್ಟೇ. ದಡ್ಡರಿರುವ ಮನೆಯಿಂದ ಹೆಣ್ಣು ತರಲು ತಮ್ಮದೇನೂ ಅಡ್ಡಿಯಿಲ್ಲ. ನಾರಾಯಣಮ್ಮ ದೇವರಿಗೆ ದೀಪ ಹಚ್ಚಿದರು. ಆದರೆ ಹಿಂದೆಯೇ ಇನ್ನೊಂದು ಮಾತಿತ್ತು. ಮೀಸೆ ಮೊದಲಿನಂತಾಗುವವರೆಗೂ ಮುಹೂರ್ತ ಇಡುವಂತಿಲ್ಲ. ಮದುವೆಯ ಫೋಟೋ ಮನೆಯ ಗೋಡೆಯ ಮೇಲೆ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ, ಅರ್ಧ ಮೀಸೆಯಲ್ಲಿ ನಿಲ್ಲಲಾರೆ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಎಡಗಡೆಯನ್ನೂ ಬೋಳಿಸಿದರೆ ಆಯಿತಲ್ಲ ಎಂದರೆ ಅದೂ ಸಾಧ್ಯವಿಲ್ಲ. ಹಸುಗೂಸಾಗಿದ್ದ ಕಿರಣ್‌ಕುಮಾರ್ ಜ್ವರ ಬಂದು ಉಳಿಯುವುದೇ ಕಷ್ಟವಾಗಿದ್ದಾಗ, ಮಗನ ತಲೆಗೆ ಅಕ್ಷತೆ ಬೀಳುವವರೆಗೂ ಮೀಸೆಗೆ ಕತ್ತಿ ಕತ್ತರಿ ಮುಟ್ಟಿಸುವುದಿಲ್ಲವೆಂದು ಅವರು ಕಾಟೇರಮ್ಮನಿಗೆ ಹರಕೆ ಹೊತ್ತಿದ್ದರು.

ಹೀಗೆ ಕೋಮಲಾಳ ಮದುವೆ ಒಂದು ಮೀಸೆಯ ಬೆಳವಣಿಗೆಗೆ ಗಂಟುಬಿತ್ತು. ಕಿರಣ್‌ಕುಮಾರ್ ದಿನಾ ಬೆಳಿಗ್ಗೆ ಅಪ್ಪ ಮಲಗಿದ್ದಾಗ ಬಲಗಡೆಯ ಫೋಟೋ ತೆಗೆದು ಅವಳಿಗೆ ಕಳಿಸುತ್ತಿದ್ದ. ಅವಳು ದೊಡ್ಡದು ಮಾಡಿ ನೋಡುತ್ತಿದ್ದಳು. ಎಡಗಡೆಯದು ಅಷ್ಟು ವರ್ಷದ ಬೆಳೆ. ಬಲಗಡೆ ಅದರ ಜೊತೆ ಸಮ ಬರಲು ವರ್ಷಗಳೇ ಬೇಕೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮುಂದೆ ಆಷಾಢ ಬರುತ್ತದೆ, ಅಷ್ಟರಲ್ಲಿ ಯಾರಾದರೂ ಏನಾದರೂ ಹೇಳುತ್ತಾರೆ, ಗೋಪಾಲಪ್ಪನವರ ಮನಸ್ಸು ತಿರುಗುತ್ತದೆ ಎಂದು ಅವಳಿಗೆ ಹೆದರಿಕೆ. ಸುರೇಂದ್ರ ಬೆಟ್ಟದ ಮಾತೇ ಎತ್ತಲಿಲ್ಲ. ಕಾರ್ಖಾನೆಯ ಹುಡುಗರು ಅವನನ್ನು ಬಿಟ್ಟು ಹೋಗಿ, ಹತ್ತಿ, ಇಳಿದು ಬಂದರು. ಅವನು ಮೀಸೆ ಬೇಗ ಬೆಳೆಯಲೆಂದು ಹರಳೆಣ್ಣೆ ಹಿಡಿದು ಸೂಳಗಿರಿಗೆ ಹೋಗಿ ಬರುವುದೇ ಆಯಿತು. ಎಣ್ಣೆಯನ್ನು ಆದಿಲಕ್ಷ್ಮಿ ತೆಗೆದುಕೊಂಡು ಒಳಗೆ ಎತ್ತಿಡುತ್ತಿದ್ದರು. ಗಂಡನ ಮೀಸೆ ಕಂಡರೆ ಅವರಿಗೆ ಎಂದೂ ಆಗುತ್ತಿರಲಿಲ್ಲ ಎಂದು ಅವನಿಗೆ ಆಮೇಲೆ ತಿಳಿಯಿತು.

ಒಂದು ಭಾನುವಾರ ನಮ್ಮ ಬೀದಿಯಲ್ಲಿ ಕಾರು ನಿಂತಿತು. ಬಾಯಿಗೆ ಟವೆಲ್ ಸುತ್ತಿಕೊಂಡ ಗೋಪಾಲಪ್ಪನವರು ಇಳಿದರು, ಹಿಂದೆ ಹೆಂಡತಿ, ಮಗ. ನೇರ ತಾರಸಿಗೆ ಹೋದರು. ಸುರೇಂದ್ರನನ್ನು ಒಲೆ ತರಲು ಹೇಳಿದರು. ನಾವೂ ಮೇಲೆ ಹೋದೆವು. ರಾಧಾಮಣಿ ಯಾರೂ ಕೇಳುವ ಮುಂಚೆಯೇ ಒಂದು ಬಕೆಟ್ ನೀರೂ ಒದ್ದೆ ಬಟ್ಟೆಯೂ ಹಿಡಿದಿದ್ದಳು. ಕಿರಣ್‌ಕುಮಾರ್ ಫೋನ್ ಎತ್ತಿ ಹಿಡಿದಿದ್ದ. ಪರದೆಯಲ್ಲಿ ಅಂಚೆಟ್ಟಿಯಿಂದ ಕೋಮಲಾ ನೋಡುತ್ತಿದ್ದಳು.

ಗೋಪಾಲಪ್ಪನವರು ಟವೆಲ್ ಬಿಚ್ಚಿ ಕೂತು, ಹೆಂಡತಿಯ ಕಡೆ ಕೈ ತೋರಿಸಿದರು. “ಇವಳು ಯೋಳಿದ ಮಾತು, ನಂಗೇ ಒಳೀಲಿಲ್ಲ” ಎಂದರು. “ನಾನು ಕಾಟೇರಮ್ಮನಿಗೆ ಯೋಳಿದ್ದು ಕತ್ತಿ ಕತ್ತರಿ ಮುಟ್ಟಿಸಲ್ಲ ಅಂತ. ಬೆಂಕಿ ಮಾತು ಆಡಿಲ್ಲ. ಈ ಕಡೇದೂ ಸುಟ್ಟು ಒಂಟೋದ್ರೆ ನಾಳೇನೇ ಪುರೋಹಿತ್ರ ಅತ್ರ ಓಗೋದು. ಒಲೆ ಅಚ್ಚಪ್ಪಾ.”

ಆದಿಲಕ್ಷ್ಮಿ ಗಂಡನ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿ ಹಿಡಿದರು. ಮುಖ ಗಂಭೀರವಾಗಿತ್ತು, ಭುಜ ಮಾತ್ರ ಕುಲುಕುತ್ತಿತ್ತು. ಸುರೇಂದ್ರ ಒಂದು ಕಣ್ಣು ಮುಚ್ಚಿ, ಹನಿ ಲೆಕ್ಕದಲ್ಲಿ ಸ್ಪಿರಿಟ್ ಹುಯ್ದು, ಕಡ್ಡಿ ಗೀರಿ ತಾಗಿಸಿದ. ತಾರಸಿಯ ಮೇಲೆ ಒಳ್ಳೆಯ ಬಿಸಿಲಿತ್ತು. ಬಟ್ಟಲಲ್ಲಿ ಯಾರಿಗೂ ಏನೂ ಕಾಣಲಿಲ್ಲ.

“ಅತ್ತೈತಾ?” ಎಂದು ಕೇಳಿದರು ಗೋಪಾಲಪ್ಪನವರು.

“ಹತ್ತೈತೆ ಮಾವ” ಎಂದ ಸುರೇಂದ್ರ. “ಬಗ್ಗಿ.”

ಗೋಪಾಲಪ್ಪನವರು ಕಣ್ಣು ಮುಚ್ಚಿಕೊಂಡು ಬಗ್ಗಿದರು.